ಸರ್ವರ್ ಡೌನ್ ಆದ ಕತೆ

ಮೂರನೇ ಸೆಮಿಸ್ಟರಿನ ರಿಸಲ್ಟ್ ಬಂದಾಗ ನಾನು ಮೂಡುಬಿದಿರೆಯಿಂದ ವಾಮದಪದವಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲ್. ಗಣಿತದಲ್ಲಿ 100ಕ್ಕೆ 21. ಅದೇ ಹೊತ್ತಿಗೆ ಕಂಡಕ್ಟರಣ್ಣ "ಒಳಗೆ ಖಾಲಿ ಉಂಟು, ಒಳಗೆ ಖಾಲಿ ಉಂಟು" ಎಂದು ಕೂಗಿದರು. ನನ್ನ ತಲೆಯ ವಿಷಯ ಇವರಿಗೆ ಹೇಗೆ ಗೊತ್ತಾಯಿತು ಅಂತ ಒಂದು ಕ್ಷಣ ಗಾಬರಿಯಾಯಿತು.

ಇವತ್ತು ಇದನ್ನು ಬರೆಯುವಾಗ ನಗು ಬರುತ್ತದೆ. ಆವತ್ತು ಬಂದಿರಲಿಲ್ಲ. ಮನೆಯಲ್ಲಿ ಅಮ್ಮ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. "ರಿಸಲ್ಟ್ ಬಂತಾ ಮಗಾ?" ಅಂದರು. "ಇಲ್ಲಮ್ಮ, ಸರ್ವರ್ ಡೌನ್" ಅಂದೆ. ಆ ಸರ್ವರ್ ಮೂರು ವಾರ ಮೇಲೇಳಲೇ ಇಲ್ಲ. ಕೊನೆಗೆ ಅಮ್ಮನೇ "ಇಷ್ಟು ದಿನ ಬಿದ್ದುಕೊಂಡೇ ಇರುವ ಜನವನ್ನು ಕೆಲಸದಲ್ಲಿ ಯಾಕೆ ಇಟ್ಟುಕೊಂಡಿದ್ದಾರೆ?" ಎಂದು ಕೇಳಿದರು.

ಆ ಮೂರು ವಾರದಲ್ಲಿ ಪುಸ್ತಕ ತೆರೆದರೆ ಲ್ಯಾಪ್ಲಾಸ್ ನನ್ನನ್ನೇ ನೋಡಿ ಹಲ್ಲು ಕಿರಿದ ಹಾಗೆ ಅನಿಸುತ್ತಿತ್ತು. ಪಕ್ಕದ ಮನೆಯ ಅಕ್ಕ ತೇಜಸ್ವಿಯವರ 'ಪರಿಸರದ ಕತೆ' ಕೊಟ್ಟರು. ಮೂಡಿಗೆರೆಯ ತೋಟದಲ್ಲಿ ಕೂತ ಅಷ್ಟು ದೊಡ್ಡ ಲೇಖಕ, ಕಿವಿ ಎಂಬ ನಾಯಿ, ಮಾರ, ಪ್ಯಾರರ ನಡುವೆ ತನ್ನ ಪೇಚಾಟಗಳನ್ನೂ ಮುಚ್ಚಿಡದೆ ಹೇಳುತ್ತಾರೆ. ಓದುತ್ತಾ ನಕ್ಕೆ. ಮೂರು ವಾರದಲ್ಲಿ ಅದೇ ಮೊದಲು.

ಆಮೇಲೆ ಹುಡುಕಿ ಹುಡುಕಿ ಓದಿದೆ. ಬೀಚಿಯವರು ತಮ್ಮ ಆತ್ಮಕತೆಗೆ ಇಟ್ಟ ಹೆಸರೇ 'ನನ್ನ ಭಯಾಗ್ರಫಿ'. ಬಯಾಗ್ರಫಿ ಬರೆಯಲು ಹೊರಟವರು ಶೀರ್ಷಿಕೆಯಲ್ಲೇ ತಮ್ಮ ಕಾಲೆಳೆದುಕೊಂಡ ಮೇಲೆ ಓದುಗ ಎಲ್ಲಿ ಕಾಲೆಳೆಯುವುದು? ಗೊರೂರು ರಾಮಸ್ವಾಮಿ ಅಯ್ಯಂಗಾರರು 1930ರಲ್ಲೇ 'ಹಳ್ಳಿಯ ಚಿತ್ರಗಳು' ಬರೆದವರು. ಅವರು ಅಮೆರಿಕಕ್ಕೆ ಹೋಗಿಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಇಷ್ಟವಾದದ್ದು ಆ ಹೆಸರು. ಅಷ್ಟು ದೊಡ್ಡ ದೇಶಕ್ಕೆ ಹೋದರೂ ಹೆಸರಿನಲ್ಲಿ ಹೇಮಾವತಿ ದಂಡೆಯ ಊರು ಹಾಗೇ ಕೂತಿದೆ. ಡಾ. ಎಂ. ಶಿವರಾಂ, ಅಂದರೆ ರಾಶಿಯವರು, 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಪತ್ರಿಕೆಯನ್ನೇ ಹೊರಡಿಸಿದರು. ಯುದ್ಧದ ಕಾಲದಲ್ಲಿ, ಒಬ್ಬ ಡಾಕ್ಟರು!

ಎಲ್ಲ ಹಾಸ್ಯವೂ ನನಗೆ ಹಿಡಿಸುವುದಿಲ್ಲ. ಹೆಂಡತಿಯ ಅಡುಗೆ, ಇನ್ನೊಬ್ಬರ ಮೈಬಣ್ಣ, ಭಾಷೆ ತಮಾಷೆಗೆ ಸಿಕ್ಕರೆ ಪುಟ ಮಗುಚುತ್ತೇನೆ. ಬಿದ್ದವನೇ ತಾನು ಬಿದ್ದ ಕತೆ ಹೇಳಿದರೆ ಮಾತ್ರ ಅದರ ಸ್ವಾದ ಬೇರೆ. ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಮಿಜಾರು ಅಣ್ಣಪ್ಪ ಹಾಸ್ಯಗಾರರ ಹೆಸರೆತ್ತಿದರೆ ಅಜ್ಜನ ಮುಖ ಈಗಲೂ ಅರಳುತ್ತದೆ. ಆಟದಲ್ಲಿ ರಾಜನೆದುರು ಮಂತ್ರಿಗೂ ಹೇಳಲಾಗದ್ದನ್ನು ದೂತನಾಗಿ ಬಂದ ಹಾಸ್ಯಗಾರ ಹೇಳಿ ಬಚಾವಾಗುತ್ತಾನೆ.

ನಮ್ಮ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಇದಕ್ಕೆ ತದ್ವಿರುದ್ಧ. "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದರೆ "ನಾನು ಪರ್ಫೆಕ್ಷನಿಸ್ಟ್ ಸರ್" ಅನ್ನಬೇಕಂತೆ. ಅಣಕು ಸಂದರ್ಶನದಲ್ಲಿ ನಮ್ಮ ಬೆಂಚಿನ ನಾಲ್ಕೂ ಜನ ಅದನ್ನೇ ಹೇಳಿದೆವು. ನಾಲ್ವರಿಗೂ ಒಂದೊಂದು ಬ್ಯಾಕ್‌ಲಾಗ್ ಇತ್ತು! ಹಾಗಂತ ಸಂದರ್ಶನದಲ್ಲಿ ಬಸ್ಸಿನ ಕತೆ ಹೇಳಿ ಅಂತ ನಾನು ಯಾರಿಗೂ ಸಲಹೆ ಕೊಡುವುದಿಲ್ಲ, ಕೆಲಸ ನನಗೂ ಬೇಕು. ಆದರೆ ದಿನವಿಡೀ ಅಂಥ ಉತ್ತರ ಬಾಯಿಪಾಠ ಮಾಡಿದವನಿಗೆ ರಾತ್ರಿ ಬೀಚಿಯವರ ಪುಟ ತೆರೆದರೆ ಅಂಗಿಯ ಮೇಲಿನ ಗುಂಡಿ ಬಿಚ್ಚಿದಷ್ಟು ಹಾಯೆನಿಸುತ್ತದೆ.

ಒಂದು ರಾತ್ರಿ ನಾನೂ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯಲು ಕೂತೆ. ಮೊದಲ ಸಲ ಬರೆದದ್ದು ಬರೀ ಗೋಳು. ಪೇಪರ್ ಕಷ್ಟ, ವ್ಯಾಲ್ಯುಯೇಶನ್ ಸರಿಯಿಲ್ಲ, ಇತ್ಯಾದಿ. ನನಗೇ ಓದಲಾಗಲಿಲ್ಲ, ಹರಿದೆ. ಎರಡನೇ ಸಲ ಕಂಡಕ್ಟರಣ್ಣನಿಂದ ಶುರು ಮಾಡಿದೆ. ಆಗ ನಿಜವೆಲ್ಲ ತಾನಾಗಿ ಬಂತು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆವರೆಗೆ ಕ್ರಿಕೆಟ್ ನೋಡಿದ್ದೂ ಬಂತು. ಅದನ್ನು ನಾನು ಗೆಳೆಯರಿಗೂ ಹೇಳಿರಲಿಲ್ಲ.

ಮರುದಿನ ಅಮ್ಮನಿಗೆ ಓದಿ ಹೇಳಿದೆ. ಮನೆಯಲ್ಲಿ ನಾವು ಮಾತಾಡುವುದು ತುಳು, ಆದ್ದರಿಂದ ಕನ್ನಡದಲ್ಲಿ ತಪ್ಪೊಪ್ಪಿಕೊಳ್ಳುವುದು ಸ್ವಲ್ಪ ಸುಲಭವಾಯಿತು. ಬಸ್ಸಿನ ಭಾಗಕ್ಕೆ ನಕ್ಕರು. ಸರ್ವರ್ ಭಾಗಕ್ಕೆ ಬೀಡಿ ಕೆಳಗಿಟ್ಟು ನಕ್ಕರು. ಎಷ್ಟು ಸಾವಿರ ಬೀಡಿ ಕಟ್ಟಿದರೆ ನನ್ನ ಒಂದು ಸೆಮಿಸ್ಟರಿನ ಫೀಸಾಗುತ್ತದೆ ಎಂದು ನಾನು ಲೆಕ್ಕ ಹಾಕಿದ ಸಾಲು ಬಂದಾಗ ನಗಲಿಲ್ಲ. ನನಗೂ ಅದನ್ನು ತಮಾಷೆಯಾಗಿ ಓದಲಾಗಲಿಲ್ಲ. ಸ್ವಲ್ಪ ಹೊತ್ತು ಕತ್ತರಿಯ ಸದ್ದು ಮಾತ್ರ.

"ಆ ಲೆಕ್ಕ ಸರಿ ಮಾಡಿದ್ದೀಯಲ್ಲ, ಪರೀಕ್ಷೆಯಲ್ಲಿ ಏನಾಗಿತ್ತು?" ಅಂದರು. ಆಮೇಲೆ ಮರುಪರೀಕ್ಷೆಯ ಫೀಸು ಯಾವಾಗ ಕಟ್ಟಬೇಕು ಎಂದು ಕೇಳಿದರು.