ಮೈ ತುಂಬಿಕೊಳ್ಳಲಿ, ಆಮೇಲೆ ನೋಡೋಣ

ಹಳಿಯಾಳದ ಸಂತೆಯಲ್ಲಾಗಲಿ, ಮುಂಡಗೋಡದ ಬಸ್ ಸ್ಟ್ಯಾಂಡಿನಲ್ಲಾಗಲಿ, ಹೃದಯದಲ್ಲಿ ತೂತಿರುವ ಕೂಸಿನ ಸುದ್ದಿ ಬಂದರೆ ಯಾರಾದರೊಬ್ಬ ಹಿರಿಯರು ಹೇಳಿಯೇ ತೀರುತ್ತಾರೆ: "ಇಷ್ಟು ಸಣ್ಣ ಕೂಸಿಗೆ ಆಪರೇಷನ್ನಾ? ಸ್ವಲ್ಪ ಮೈ ತುಂಬಿಕೊಳ್ಳಲಿ, ಆಮೇಲೆ ನೋಡೋಣ." ಕೇಳಿ ಕೇಳಿ ಸಾಕಾಗಿದೆ. ಅಜ್ಜಾ, ಆ ಕೂಸು ಮೈ ತುಂಬಿಕೊಳ್ಳದೆ ಇರುವುದೇ ಆ ತೂತಿನಿಂದ!

ಹಾಲು ಕುಡಿಯುವಾಗ ನೋಡಿ. ನಾಲ್ಕು ಗುಟುಕು ಎಳೆದು ಬಿಡುತ್ತದೆ, ಏದುಸಿರು, ಹಣೆಯೆಲ್ಲ ಬೆವರು, ಹೊಟ್ಟೆ ತುಂಬುವ ಮೊದಲೇ ದಣಿದು ನಿದ್ದೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತಿದ್ದರೆ, ಮೈಗೆ ಹೋಗಬೇಕಾದ ರಕ್ತ ಮತ್ತೆ ಶ್ವಾಸಕೋಶಕ್ಕೇ ನುಗ್ಗುತ್ತದೆ. ಡಾಕ್ಟರು ಇದಕ್ಕೆ ಹೇಳುವ 'ಹಾರ್ಟ್ ಫೇಲ್' ಎಂದರೆ ಹೃದಯ ನಿಂತಿತು ಎಂದಲ್ಲ. ದುಡಿದೂ ದುಡಿದೂ ಸಾಲುತ್ತಿಲ್ಲ ಎಂದು. ಕುಡಿದಷ್ಟೂ ಉಸಿರಾಡುವುದಕ್ಕೇ ಖರ್ಚಾದರೆ ಅಂಗನವಾಡಿಯ ತಕ್ಕಡಿ ಮುಳ್ಳು ಏರುವುದೆಲ್ಲಿಂದ?

ಕಾಯುವುದರಲ್ಲಿ ಇನ್ನೊಂದು ಮೋಸವಿದೆ. ವರ್ಷ ಕಳೆದ ಮೇಲೆ ಕೆಲವು ಮಕ್ಕಳ ಬೆವರು, ಏದುಸಿರು ತಾನಾಗಿ ತಗ್ಗುತ್ತದೆ. "ಕತ್ತರಿ ಮುಟ್ಟಿಸದೆ ಗುಣವಾಯ್ತು" ಎಂದು ಊರಿಗೆಲ್ಲ ಪೇಡೆ. ಆಗಿರುವುದು ಬೇರೆಯೇ ಇರಬಹುದು: ನುಗ್ಗುವ ರಕ್ತದ ರಭಸಕ್ಕೆ ಶ್ವಾಸಕೋಶದ ನಾಳಗಳು ದಪ್ಪಗಟ್ಟಿ ಬಿಗಿದುಕೊಂಡಿರುತ್ತವೆ. ಮುಂದೆ ರಕ್ತದ ದಿಕ್ಕೇ ತಿರುಗಿ ತುಟಿ, ಉಗುರು ನೀಲಿಗಟ್ಟುತ್ತವೆ. ಆ ಹಂತದಲ್ಲಿ ತೂತು ಮುಚ್ಚಿದರೆ ಜೀವಕ್ಕೇ ಅಪಾಯ. ಸರ್ಜನ್ ಕೈ ಚೆಲ್ಲುತ್ತಾರೆ. ಅದಕ್ಕೇ ಔಷಧಿಗೆ ಬಗ್ಗದ ದೊಡ್ಡ ತೂತಿಗೆ ಸಾಮಾನ್ಯವಾಗಿ ಆರು ತಿಂಗಳೊಳಗೇ ತೇಪೆ ಹಾಕುವುದು. ಇದೇನು ಹೊಸ ಸಾಹಸವಲ್ಲ. 1954ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಸರ್ಜನ್ ವಾಲ್ಟನ್ ಲಿಲ್ಲೆಹೈ ಇಂಥ ತೂತನ್ನು ಮೊದಲ ಸಲ ಹೊಲಿದಾಗ ಮಗುವಿಗೆ ವರ್ಷವೊಂದರ ಆಸುಪಾಸು. ಹೃದಯದ ಬದಲು ದುಡಿಯುವ ಯಂತ್ರ ಬಳಸಲಿಲ್ಲ, ಅಪ್ಪನ ಹೃದಯವೇ ಆ ಹೊತ್ತು ಇಬ್ಬರಿಗೂ ದುಡಿಯಿತು.

ಸಣ್ಣ ತೂತು ಎಷ್ಟೋ ಸಲ ತಾನಾಗಿ ಮುಚ್ಚುವುದು ನಿಜ. ಯಾವುದು ಸಣ್ಣದೆಂದು ಹೇಳಬೇಕಾದದ್ದು ಹೃದಯದ ಎಕೋ ಸ್ಕ್ಯಾನ್, ಪಕ್ಕದ ಮನೆಯವರಲ್ಲ. ತೂತಿಗೆ ಕಾರಣ ಕೇಳಿದರೆ, ಗ್ರಹಣದ ದಿನ ಬಸುರಿ ಹೊರಗೆ ಬಂದಳಂತೆ: ಹೃದಯ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲೇ, ಅವಳು ಬಸುರಿಯೆಂದು ಊರಿಗೆ ಗೊತ್ತಾಗುವ ಮೊದಲು. ಇನ್ನು ದೃಷ್ಟಿ. ಹುಟ್ಟಿದಾಗ ಶ್ವಾಸಕೋಶದ ನಾಳಗಳು ಬಿಗಿಯಾಗಿರುವುದರಿಂದ ಕೂಸು ಚೆನ್ನಾಗಿಯೇ ಇರುತ್ತದೆ. ನಾಲ್ಕಾರು ವಾರದಲ್ಲಿ ಅವು ಸಡಿಲವಾದಾಗ ಏದುಸಿರು ಶುರು. ಅಷ್ಟರಲ್ಲಿ ತೊಟ್ಟಿಲಿಗೆ ಬಂದುಹೋದ ಯಾವುದೋ ಬಡಪಾಯಿ ಅತ್ತೆಯ ಕಣ್ಣಿನ ಮೇಲೆ ಅಪವಾದ.

ತಾಯಿತ ಕಟ್ಟುವವರು ಮೂರು ತಾಲೂಕು ಆಚೆಗಿದ್ದರೂ ಜೊಯಿಡಾದ ಒಳಹಳ್ಳಿಯಿಂದ ಜನ ಹೊರಡುತ್ತಾರೆ, ನಡೆದು, ಬಸ್ಸು ಬದಲಿಸಿ. ದಾಂಡೇಲಿಯಿಂದ ಒಂದೂವರೆ ತಾಸಿನ ಧಾರವಾಡದ ಆಸ್ಪತ್ರೆ ಮಾತ್ರ "ಭಾಳ ದೂರ್ ಆಗ್ತದ್ರೀ".