ಗೋದಲಿಗೆ ನುಗ್ಗಿದ ಸಂತೆ

ನೇಪಲ್ಸ್‌ನ ಹಳೆಯ ಗೋದಲಿಗಳಲ್ಲಿ, ಅಂದರೆ ಯೇಸು ಹುಟ್ಟಿದ ದೃಶ್ಯ ತೋರಿಸುವ ಕ್ರಿಸ್ಮಸ್ ಗೊಂಬೆ ಜೋಡಣೆಗಳಲ್ಲಿ, ಬಾಲಯೇಸುವನ್ನು ಹುಡುಕಬೇಕು. ಮೊದಲು ಕಣ್ಣಿಗೆ ಬೀಳುವುದು ಹೆಂಡದಂಗಡಿ. ಅದರ ಮುಂದೆ ನೇತುಹಾಕಿದ ಮಾಂಸ, ಬುಟ್ಟಿ ತುಂಬ ಮೀನು, ಹೋಳು ಮಾಡಿಟ್ಟ ಕಲ್ಲಂಗಡಿ (ಡಿಸೆಂಬರಿನಲ್ಲಿ!), ಮಂಡೋಲಿನ್ ನುಡಿಸುವವ, ಗಂಟಲಲ್ಲಿ ಗಡ್ಡೆ ಬೆಳೆದ ಮುದುಕಿ, ಕೈಚಾಚಿ ಕೂತ ಭಿಕ್ಷುಕ. ಇವರನ್ನೆಲ್ಲ ದಾಟಿದರೆ, ಪಾಳುಬಿದ್ದ ರೋಮನ್ ಗುಡಿಯೊಂದರ ಕಂಬಗಳ ನಡುವೆ ಮೇರಿ, ಜೋಸೆಫ್, ಹುಲ್ಲಿನ ಮೇಲೆ ಮಗು. ಬೆತ್ಲೆಹೇಮಿನ ಕಥೆಗೆ ನೇಪಲ್ಸಿನ ಸಂತೆ ನುಗ್ಗಿದ್ದು ಹೇಗೆ?

ಶುರುವಿನಲ್ಲಿ ಗೊಂಬೆಗಳೇ ಇರಲಿಲ್ಲ. 1223ರ ಕ್ರಿಸ್ಮಸ್ ರಾತ್ರಿ ಗ್ರೆಚ್ಚೋ ಎಂಬ ಬೆಟ್ಟದೂರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಟ್ಟು ಪೂಜೆ ಮಾಡಿಸಿದರು. ಮುಂದೆ ಚರ್ಚುಗಳಲ್ಲಿ ಕಲ್ಲಿನ, ಮರದ ಮೂರ್ತಿಗಳು ಬಂದವು. ಅವು ಕೂತಲ್ಲಿಂದ ಕದಲದವು, ಭಕ್ತಿಗೆ ಮಾತ್ರ ಮೀಸಲು.

ಕದಲುವ ಕಾಲ ಬಂದದ್ದು 1734ರಲ್ಲಿ ಬೂರ್ಬೊನ್ ವಂಶದ ಚಾರ್ಲ್ಸ್ ನೇಪಲ್ಸ್ ದೊರೆಯಾದ ಮೇಲೆ. ಈತನಿಗೆ ಗೋದಲಿಯ ಹುಚ್ಚು. ರಾಣಿ ಮರಿಯಾ ಅಮಾಲಿಯಾ ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತಿದ್ದಳೆಂದೂ ಹೇಳುತ್ತಾರೆ. ದೊರೆಗೆ ಇಷ್ಟವಾದದ್ದು ಸರದಾರರಿಗೆ ಇಷ್ಟವಾಗದಿರುತ್ತದೆಯೇ? ಯಾರ ಮನೆಯ ಗೋದಲಿ ದೊಡ್ಡದು ಎಂಬ ಪೈಪೋಟಿ ಹತ್ತಿತು.

ಈ ಪೈಪೋಟಿಗೆ ಒದಗಿದ್ದು ಗೊಂಬೆಯ ಮೈಕಟ್ಟು. ತಲೆ ಸುಟ್ಟ ಮಣ್ಣಿನದು, ಕಣ್ಣು ಗಾಜಿನದು, ಕೈಕಾಲು ಮರದವು. ನಡುವಿನ ಮೈ ಮಾತ್ರ ತಂತಿಗೆ ನಾರು ಸುತ್ತಿದ್ದು. ಹಾಗಾಗಿ ಬೇಕಾದಂತೆ ಬಗ್ಗಿಸಬಹುದು, ಬಟ್ಟೆ ಬದಲಿಸಬಹುದು, ಹೋದ ವರ್ಷ ಮೊಣಕಾಲೂರಿದವನನ್ನು ಈ ವರ್ಷ ಕುಣಿಸಬಹುದು. ತಲೆ ಮಾಡಲು ದೊಡ್ಡ ಶಿಲ್ಪಿಗಳೇ ಕೂತರು. 1753ರಲ್ಲಿ ಅಮೃತಶಿಲೆಯ ಶವದ ಮೇಲೆ ಅಮೃತಶಿಲೆಯದೇ ತೆಳು ಮುಸುಕು ಹೊದಿಸಿ ಬೆರಗು ಹುಟ್ಟಿಸಿದ ಜುಸೆಪ್ಪೆ ಸಮ್ಮಾರ್ತಿನೊ, ಕುರುಬರ ಮುಖಗಳನ್ನೂ ಮಣ್ಣಲ್ಲಿ ತಿದ್ದಿದ. ದನಕರು, ಹಣ್ಣುಹಂಪಲು ಮಾಡಲು ಬೇರೆ ಕಸಬುದಾರರಿದ್ದರು.

ಊರಿನ ಸುದ್ದಿಯೆಲ್ಲ ಇದರೊಳಗೆ ಸೇರಿತು. 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪೊಂಪೇಯಿ ಅಗೆತ ಶುರುವಾಗಿ ಮಣ್ಣೊಳಗಿನ ರೋಮನ್ ಕಂಬಗಳು ಹೊರಬಿದ್ದವು. ಗುಹೆಯಲ್ಲಿ ಹುಟ್ಟುತ್ತಿದ್ದ ಯೇಸು ಪಾಳುಗುಡಿಯಲ್ಲಿ ಹುಟ್ಟತೊಡಗಿದ. ಹಳೆಯ ದೇವರುಗಳು ಬಿದ್ದರು, ಹೊಸಬ ಬಂದ ಎಂಬ ಅರ್ಥ ಪಾದ್ರಿಗಳಿಗೂ ಹಿಡಿಸಿತು. 1741ರಲ್ಲಿ ತುರ್ಕರ ರಾಯಭಾರಿ ಅರಮನೆಗೆ ಬಂದಾಗ ಜುಸೆಪ್ಪೆ ಬೊನಿತೊ ಆ ನಿಯೋಗದ ಚಿತ್ರವನ್ನೇ ಬರೆದ. ಗೋದಲಿಯ ಮೂವರು ಜ್ಞಾನಿಗಳ ಹಿಂದೆಯೂ ರುಮಾಲು, ಕಠಾರಿ, ವಾದ್ಯಗಳ ದಂಡೇ ನಡೆದುಬಂತು. ನನಗೆ ಇದರಲ್ಲಿ ಭಕ್ತಿಗಿಂತ ಕುತೂಹಲವೇ ಹೆಚ್ಚು ಕಾಣುತ್ತದೆ. ಅದೇ ಇದರ ಚೆಲುವು.

ಚಾರ್ಲ್ಸ್ 1759ರಲ್ಲಿ ಸ್ಪೇನಿನ ದೊರೆಯಾಗಿ ಹೊರಟಾಗ ಈ ಹುಚ್ಚನ್ನೂ ಅಲ್ಲಿಗೆ ಒಯ್ದ. ಕಾಲಾಂತರದಲ್ಲಿ ಸರದಾರರ ಮನೆತನಗಳು ಸೊರಗಿ, ಗೊಂಬೆಗಳು ಬಿಡಿಬಿಡಿಯಾಗಿ ಮಾರಾಟವಾದವು. ನಾಟಕಕಾರ ಮಿಕೆಲೆ ಕುಚಿನಿಯೆಲ್ಲೊ ತಾನು ಕೂಡಿಹಾಕಿದ್ದ ನೂರಾರು ಗೊಂಬೆಗಳನ್ನು ದಾನ ಕೊಡದಿದ್ದರೆ ಇನ್ನಷ್ಟು ಚದುರುತ್ತಿದ್ದವೇನೋ. 1879ರಿಂದ ಅವು ವೊಮೆರೊ ಗುಡ್ಡದ ಸಾನ್ ಮಾರ್ತಿನೊ ಮಠದ ವಸ್ತುಸಂಗ್ರಹಾಲಯದಲ್ಲಿವೆ.

ಅಷ್ಟರಲ್ಲಿ ಗೋದಲಿ ಬಡವರ ಮನೆಗೂ ಇಳಿದಿತ್ತು. ರೇಷ್ಮೆ ಇಲ್ಲ, ಗಾಜಿನ ಕಣ್ಣಿಲ್ಲ. ಬಣ್ಣ ಬಳಿದ ಪುಟ್ಟ ಮಣ್ಣಿನ ಗೊಂಬೆ, ಕಾರ್ಕ್ ತೊಗಟೆಯ ಬೆಟ್ಟ, ಒಂದು ಹಿಡಿ ಪಾಚಿ. ಬೆನೀನೊ ಎಂಬ ಮಲಗಿದ ಕುರುಬ ಹುಡುಗ ಮಾತ್ರ ಇರಲೇಬೇಕು. ಇಡೀ ಗೋದಲಿ ಅವನ ಕನಸಂತೆ, ಎಬ್ಬಿಸಿದರೆ ಎಲ್ಲ ಮಾಯ. ಮಗುವಿನ ಜಾಗ 24ರ ನಡುರಾತ್ರಿಯವರೆಗೆ ಖಾಲಿ. ಆ ರಾತ್ರಿಯ ಊಟಕ್ಕೆ ಮಾಂಸವಿಲ್ಲ, ಹಾವುಮೀನು ಮತ್ತು ಉಪ್ಪುಹಾಕಿ ಒಣಗಿಸಿದ ಕಾಡ್ ಮೀನು. ಆಮೇಲೆ ಜೇನಿನಲ್ಲಿ ಅದ್ದಿದ, ಕರಿದ ಸಣ್ಣ ಹಿಟ್ಟಿನುಂಡೆ ಸ್ತ್ರುಫ್ಫೋಲಿ. ಎದುವಾರ್ದೊ ದೆ ಫಿಲಿಪ್ಪೊ 1931ರಲ್ಲಿ ಬರೆದ ನಾಟಕದ ಅಪ್ಪನಿಗಂತೂ ಮನೆ ಮುಳುಗುತ್ತಿದ್ದರೂ ಗೋದಲಿಯದೇ ಚಿಂತೆ.

ಗೊಂಬೆ ಕೊಳ್ಳಲು ಜನ ಹೋಗುವುದು ಹಳೇ ಊರಿನ ಸಾನ್ ಗ್ರೆಗೋರಿಯೊ ಅರ್ಮೇನೊ ಗಲ್ಲಿಗೆ. ಡಿಸೆಂಬರಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೇವದೂತರ ಪಕ್ಕದಲ್ಲೇ ಆ ವರ್ಷ ಸುದ್ದಿಯಾದ ರಾಜಕಾರಣಿಗಳು, ಸಿನಿಮಾ ನಟರು, ಊರಿಗೆ 1987 ಮತ್ತು 1990ರಲ್ಲಿ ಫುಟ್‌ಬಾಲ್ ಲೀಗ್ ಗೆದ್ದುಕೊಟ್ಟ ಮರಡೋನ. ಇದು ದೇವರಿಗೆ ಅಪಚಾರ ಎಂದು ಗೊಣಗುವವರಿದ್ದಾರೆ. ತುರ್ಕರ ರುಮಾಲನ್ನೇ ಒಳಗೆ ಬಿಟ್ಟುಕೊಂಡ ಗೋದಲಿ ಮರಡೋನನನ್ನು ಬಾಗಿಲಲ್ಲಿ ತಡೆಯುವುದು ಯಾವ ನ್ಯಾಯ?