ಅರಮನೆ ಕಟ್ಟದ ಬಡಗಿಯ ಕುಣಿತ

ನಡುವೆ ಉರಿಯುವ ಕಾಲುದೀಪ. ಸುತ್ತ ಹನ್ನೆರಡು ಮಂದಿ. ಬಿಳಿ ಚಟ್ಟೆ ಎಂಬ ರವಿಕೆ, ಬಿಳಿ ಮುಂಡು, ಹಿಂದೆ ಬೀಸಣಿಗೆಯಂತೆ ಬಿಚ್ಚಿದ ನೆರಿಗೆ. ಚೆಂಡೆಯಿಲ್ಲ, ಮದ್ದಲೆಯಿಲ್ಲ, ಹಾಡುವ ಆಶಾನ್, ಅಂದರೆ ಗುರುವಿನ ಕೈಯಲ್ಲಿ ಒಂದು ಜೊತೆ ತಾಳ, ಅಷ್ಟೆ. ಕೇರಳದ ಸಿರಿಯನ್ ಕ್ರೈಸ್ತರು, ಅದರಲ್ಲೂ ಕೋಟ್ಟಯಂ ಸುತ್ತಿನ ಕ್ನಾನಾಯರು ಉಳಿಸಿಕೊಂಡು ಬಂದ ಮಾರ್ಗಂ ಕಳಿ ಇದು. ದೀಪವೇ ಕ್ರಿಸ್ತ, ಸುತ್ತುವವರು ಹನ್ನೆರಡು ಪ್ರೇಷಿತರು.

ಪ್ರೇಷಿತರೆಂದರೆ ತನ್ನ ಮಾತನ್ನು ಊರೂರಿಗೆ ಒಯ್ಯಲು ಏಸು ಆರಿಸಿದವರು. ಪ್ರೊಟೆಸ್ಟೆಂಟರು ಅಪೊಸ್ತಲರು ಎನ್ನುತ್ತಾರೆ. ಇಸ್ರೇಲಿನ ಕುಲಗಳು ಹನ್ನೆರಡು, ಅದಕ್ಕೇ ಇವರೂ ಹನ್ನೆರಡು. ಕೆಲವರು ಬೆಸ್ತರು, ಒಬ್ಬ ಸುಂಕ ವಸೂಲಿಯವ. ಹಾಗಾದರೆ ಈ ಕುಣಿತದಲ್ಲಿ ಗುರುವನ್ನು ಹಿಡಿದುಕೊಟ್ಟ ಯೂದ ಯಾರು ಎಂಬ ತುಂಟ ಪ್ರಶ್ನೆ ಏಳುತ್ತದೆ. ಉತ್ತರ ಬೈಬಲ್ಲಿನಲ್ಲೇ ಇದೆ: ಯೂದ ಸತ್ತ ಮೇಲೆ ಉಳಿದವರು ಚೀಟಿ ಎತ್ತಿ ಮತ್ತೀಯನನ್ನು ಸೇರಿಸಿಕೊಂಡರು. ಪೌಲ ಈ ಹನ್ನೆರಡರಲ್ಲಿಲ್ಲ, ಆದರೂ ಪ್ರೇಷಿತ. ಕ್ಯಾಥೊಲಿಕ್ ಮತ್ತು ಸಿರಿಯನ್ ಸಭೆಗಳು ತಮ್ಮ ಬಿಷಪರ ಪರಂಪರೆಯನ್ನು ಎಣಿಸುವುದು ಪ್ರೇಷಿತರಿಂದಲೇ. ದೇವಶಾಸ್ತ್ರ ಇಷ್ಟು ಸಾಕು. ನನಗೆ ಮುಖ್ಯವೆನಿಸುವುದು ಆ ಹನ್ನೆರಡರಲ್ಲಿ ಒಬ್ಬ, ಮಾರ್ಗಂ ಕಳಿ ಹಾಡಿನ ನಾಯಕ, ಸಂತ ತೋಮಾಸ.

ಏಸು ಸತ್ತು ಎದ್ದನೆಂಬುದನ್ನು ಅವನ ಗಾಯ ಮುಟ್ಟಿ ನೋಡದೆ ನಂಬಲಾರೆ ಎಂದವನು ಇವನೇ. ಮೂರನೆಯ ಶತಮಾನದಲ್ಲಿ ಸಿರಿಯಾಕ್ ಭಾಷೆಯಲ್ಲಿ ಬರೆದ 'ತೋಮಾಸನ ಕೃತ್ಯಗಳು' ಅವನ ಇನ್ನೊಂದು ಹಟವನ್ನು ಹೇಳುತ್ತದೆ. ಪ್ರೇಷಿತರು ದೇಶಗಳನ್ನು ಹಂಚಿಕೊಂಡಾಗ ತೋಮಾಸನ ಪಾಲಿಗೆ ಭಾರತ ಬಂತು. ಅವನು ಹೋಗಲೊಲ್ಲೆ ಎಂದ. ಅಷ್ಟರಲ್ಲಿ ಹಬ್ಬಾನ್ ಎಂಬ ವ್ಯಾಪಾರಿ ತನ್ನ ರಾಜನಿಗಾಗಿ ಬಡಗಿಯೊಬ್ಬನನ್ನು ಹುಡುಕುತ್ತ ಬಂದಿದ್ದ. ಏಸು ಪ್ರತ್ಯಕ್ಷನಾಗಿ ತೋಮಾಸನನ್ನು ಅವನಿಗೆ ಗುಲಾಮನಾಗಿ ಮಾರಿ, ಕ್ರಯಪತ್ರವನ್ನೂ ಬರೆದುಕೊಟ್ಟ! ಧರ್ಮಪ್ರಚಾರಕನೊಬ್ಬ ಇಷ್ಟು ಒಲ್ಲದ ಮನಸ್ಸಿನಿಂದ ಹೊರಟ ಕಥೆ ನನಗೆ ಬೇರೆ ಗೊತ್ತಿಲ್ಲ.

ರಾಜ ಅರಮನೆ ಕಟ್ಟಲು ಹಣ ಕೊಟ್ಟ. ತೋಮಾಸ ಅದನ್ನು ಬಡವರಿಗೆ ಹಂಚಿದ. ವಿಚಾರಿಸಿದರೆ, ಅರಮನೆ ಎದ್ದಿದೆ, ಆದರೆ ನೀನದನ್ನು ಸತ್ತ ಮೇಲಷ್ಟೇ ನೋಡಬಲ್ಲೆ ಎಂದ. ರಾಜ ಅವನನ್ನು ಸೆರೆಗೆ ತಳ್ಳಿದ. ಅದೇ ರಾತ್ರಿ ತೀರಿಕೊಂಡ ರಾಜನ ತಮ್ಮ ಸ್ವರ್ಗದಲ್ಲಿ ಆ ಅರಮನೆ ಕಂಡು, ಮರಳಿ ಜೀವ ಪಡೆದು, ಅದನ್ನು ತನಗೆ ಮಾರು ಎಂದು ಅಣ್ಣನನ್ನು ಪೀಡಿಸಿದ. ತೋಮಾಸನಿಗೆ ಬಿಡುಗಡೆಯಾಯಿತು. ಗ್ರಂಥದಲ್ಲಿರುವ ರಾಜ ಗುಂಡಫರ. ಹತ್ತೊಂಬತ್ತನೆಯ ಶತಮಾನದಲ್ಲಿ ವಾಯವ್ಯ ಭಾರತದ ಕಡೆ ಅವನ ನಾಣ್ಯಗಳು ಸಿಗುವವರೆಗೂ ಅಂಥವನೊಬ್ಬನಿದ್ದ ಎಂಬುದಕ್ಕೆ ಬೇರೆ ಆಧಾರವಿರಲಿಲ್ಲ. ಮಾರ್ಗಂ ಕಳಿ ಅವನನ್ನು ಚೋಳ ರಾಜನನ್ನಾಗಿಸಿ ಕಥೆಯನ್ನು ಮೈಲಾಪುರಕ್ಕೆ ತಂದಿದೆ. ನವಿಲು ಬೇಟೆಗಾರನ ಬಾಣ ತಗುಲಿ ತೋಮಾಸ ಸತ್ತನೆಂದು ಮಾರ್ಕೊ ಪೋಲೊ ಕೇಳಿ ಬರೆದಿದ್ದಾನೆ. ಹಾಡಿನ ಮೊದಲಿಗೇ ನವಿಲುಗರಿ ಬರುತ್ತದೆ.

ಕುಣಿತ ನಿಧಾನವಾಗಿ ಶುರುವಾಗಿ ಬಿಗಿಯಾಗುತ್ತ ಹೋಗುತ್ತದೆ, ಹೆಜ್ಜೆಗಳಲ್ಲಿ ಕಳರಿ ಕಾಳಗದ ಗುರುತಿದೆ. ನಂಬೂದಿರಿಗಳ ಸಂಘಕ್ಕಳಿ ಎಂಬ ಆಟದೊಂದಿಗೆ ವಿದ್ವಾಂಸರು ಹೋಲಿಕೆ ಕಂಡಿದ್ದಾರೆ. ಪೋರ್ಚುಗೀಸರು ನಡೆಸಿದ 1599ರ ಉದಯಂಪೇರೂರು ಸಭೆಯ ನಂತರ ಇಂಥ ಆಟಗಳಿಗೆ ಕಷ್ಟಕಾಲ ಬಂತು. ಹದಿನಾಲ್ಕು ಪಾದಗಳ, ಅಂದರೆ ಭಾಗಗಳ, ಇಂದಿನ ಹಾಡನ್ನು ಜೋಡಿಸಿದವರು ಇಟ್ಟಿ ತೊಮ್ಮನ್ ಕತ್ತನಾರ್ ಎಂಬ ಪಾದ್ರಿಯೆಂದು ಹೇಳಿಕೆ. ತಾಳೆಗರಿಯಲ್ಲಿದ್ದ ಇಂಥ ಹಾಡುಗಳನ್ನು ಪಿ. ಯು. ಲೂಕೋಸ್ 1910ರಲ್ಲಿ ಅಚ್ಚು ಹಾಕಿಸಿದರು.

ಮೊದಲು ಗಂಡಸರ ಆಟ, ಈಗ ಹೆಚ್ಚಾಗಿ ಹುಡುಗಿಯರದು. ಕೇರಳದ ಶಾಲಾ ಕಲೋತ್ಸವ ಅದನ್ನು ಬದುಕಿಸಿತು, ಮೊಟಕೂ ಮಾಡಿತು. ಸ್ಪರ್ಧೆಯ ಗಡಿಯಾರಕ್ಕೆ ಹದಿನಾಲ್ಕು ಪಾದ ಹಿಡಿಸುವುದಿಲ್ಲ, ಹನ್ನೆರಡರ ಲೆಕ್ಕವೂ ನಿಲ್ಲುವುದಿಲ್ಲ. ತೀರ್ಪುಗಾರರು ಹೆಜ್ಜೆ ನೋಡುತ್ತಾರೆ. ಕಥೆ ಯಾರಿಗೂ ಬೇಕಿಲ್ಲ.

ಸಿರಿಯನ್ ಕ್ರೈಸ್ತರು ನಮಗೂ ದೂರದವರಲ್ಲ. ಕ್ನಾನಾಯರು 1943ರಲ್ಲಿ ನೆಲೆಸಿದ ರಾಜಪುರಂ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಬೆಳ್ತಂಗಡಿಯಲ್ಲಿ 1999ರಿಂದ ಸಿರೋ ಮಲಬಾರ್ ಧರ್ಮಪ್ರಾಂತ್ಯವಿದೆ. ಅಲ್ಲಿನ ಚರ್ಚುಗಳಲ್ಲಿ ಹಬ್ಬ ನಡೆಸುವವರಲ್ಲಿ ಒಂದು ಕೋರಿಕೆ: ವರ್ಷಕ್ಕೊಮ್ಮೆಯಾದರೂ ಗಡಿಯಾರ ಬದಿಗಿಟ್ಟು ಹದಿನಾಲ್ಕೂ ಪಾದ ಹಾಡಿಸಿ, ಕಥೆಯನ್ನು ಕನ್ನಡದಲ್ಲಿ ಮೊದಲೇ ಹೇಳಿ.